ಒಡೆಯುವ ಮೊದಲು ಊರು, ಬಾವಿ, ಫೂಟು ಬರೆದಿಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಬಾವಿಯಲ್ಲಿ ವಜ್ರ? ಮುಗಿಬಿದ್ದ ಜನ’ ಎಂದು ಒಂದು ಸುದ್ದಿ ಹಾಕಿದ್ದಿರಿ. ಚಿತ್ರದಲ್ಲಿ ಒಬ್ಬ ಹುಡುಗ ಸುತ್ತಿಗೆ ಎತ್ತಿ ನಿಂತಿದ್ದ. ಅವನ ಕಾಲಬುಡದಲ್ಲಿ ಕುಂಬಳಕಾಯಿಯಷ್ಟು ದೊಡ್ಡ ಕರಿಕಲ್ಲು, ಅದರ ಬಿರುಕಿನೊಳಗೆ ಬೆಳ್ಳಗೆ ಏನೋ ಹೊಳೆಯುತ್ತಿತ್ತು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಮೊದಲ ಟಂಟಂ ಹಿಡಿದು ಹೋದೆ. ನಮ್ಮೂರಿಂದ ಹದಿನಾಲ್ಕು ಕಿಲೋಮೀಟರು. ನಾನು ಹೋಗಿ ಮುಟ್ಟುವಷ್ಟರಲ್ಲಿ ಕಲ್ಲೂ ಇರಲಿಲ್ಲ, ಹುಡುಗನೂ ಇರಲಿಲ್ಲ. ಬಾವಿಯಿಂದ ತೆಗೆದು ಹಾಕಿದ ಮಣ್ಣಿನ ದಿಬ್ಬದ ಮೇಲೆ ಉಪ್ಪು ಚೆಲ್ಲಿದ ಹಾಗೆ ಚೂರುಗಳು ಬಿದ್ದಿದ್ದವು.

ಹೊಲದ ಯಜಮಾನರು ಬೇವಿನ ಗಿಡದ ಕೆಳಗೆ ಕೂತಿದ್ದರು. ‘ವಜ್ರ ಆಗಿದ್ರ ಸುತ್ತಿಗಿಗೆ ಒಡೀತಿದ್ದಿಲ್ಲ ಅಕ್ಕೋರ. ಒಡೀತು. ಅಂದ್ರ ವಜ್ರ ಅಲ್ಲ, ಬಿಡ್ರಿ’ ಅಂದರು. ಬೇಸರವೂ ಇರಲಿಲ್ಲ ಅವರ ಮುಖದಲ್ಲಿ. ಪರೀಕ್ಷೆ ಆಗಿತ್ತು, ಫಲಿತಾಂಶ ಬಂದಿತ್ತು, ಅಷ್ಟೇ.

ಸಂಪಾದಕರೇ, ಈ ಸುತ್ತಿಗೆ ಪರೀಕ್ಷೆಯೇ ಸುಳ್ಳು. ವಜ್ರ ಗಡಸು ನಿಜ, ಬೇರೆ ಕಲ್ಲು ಅದರ ಮೇಲೆ ಗೀರು ಮೂಡಿಸಲಾರದು. ಆದರೆ ಪೆಟ್ಟು ಬಿದ್ದರೆ ಅದೂ ಸೀಳುತ್ತದೆ. ವಜ್ರ ಕತ್ತರಿಸುವವರು ಹಿಂದಿನಿಂದ ಆ ಸೀಳನ್ನೇ ನೆಚ್ಚಿ ಕೆಲಸ ಮಾಡುತ್ತ ಬಂದವರು. ಹೀಗಾಗಿ ಸುತ್ತಿಗೆ ಎತ್ತಿದವನು ಒಳಗೆ ವಜ್ರವಿದ್ದರೂ ಕೆಟ್ಟ, ಇಲ್ಲದಿದ್ದರೂ ಕೆಟ್ಟ. ಜನ ಮಾಡುವ ಇನ್ನೊಂದು ಪರೀಕ್ಷೆ ಗಾಜಿನ ಮೇಲೆ ಗೀರಿ ನೋಡುವುದು. ಗಾಜನ್ನು ನಮ್ಮ ಹೊಲದ ಬೆಣಚುಕಲ್ಲೂ ಗೀರುತ್ತದೆ. ಮೋಸ್ ಎಂಬ ಜರ್ಮನ್ ವಿಜ್ಞಾನಿ 1812ರಲ್ಲಿ ಮಾಡಿಟ್ಟ ಗಡಸುತನದ ಅಳತೆಯಲ್ಲಿ ವಜ್ರ 10, ಬೆಣಚು 7, ಗಾಜು ಸುಮಾರು ಐದೂವರೆ. ಗಾಜು ಗೀರಿದ ಕಲ್ಲೆಲ್ಲ ವಜ್ರವಾಗಿದ್ದರೆ ಇಂಡಿ ತಾಲ್ಲೂಕಿನವರು ಲಿಂಬೆಗಿಡಕ್ಕೆ ನೀರು ಹಾಯಿಸುತ್ತ ಕೂಡುತ್ತಿರಲಿಲ್ಲ.

ದಿಬ್ಬದಿಂದ ಒಂದು ಚೂರು ಆಯ್ದು ತಂದಿದ್ದೇನೆ. ಹೆಬ್ಬೆರಳಿನ ಉಗುರಿನಷ್ಟಿದೆ, ನೀರಿನಷ್ಟು ತಿಳಿ. ಮೇಲಿನ ಮೈ ಮಾತ್ರ ಕಪ್ಪೆಚಿಪ್ಪಿನ ಒಳಮೈಯಂತೆ ಮಿನುಗುತ್ತದೆ. ಪಕ್ಕದ ಮೈಗಳ ಮೇಲೆ ಕೂದಲೆಳೆಯಂಥ ಉದ್ದ ಗೆರೆಗಳಿವೆ. ಇದರ ಹೆಸರು ಅಪೋಫಿಲೈಟ್. ಒಂದೇ ದಿಕ್ಕಿಗೆ, ಚಾಕುವಿನಿಂದ ಕೊಯ್ದ ಹಾಗೆ ಸೀಳುವುದು ಇದರ ಗುಣ. ಆ ಕುಂಬಳಕಾಯಿಯೊಳಗೆ ಇಂಥವು ಎಷ್ಟು ಇದ್ದವೋ, ಯಾವುದರ ಪಕ್ಕ ಯಾವುದು ಕೂತಿತ್ತೋ, ಇನ್ನು ಯಾರೂ ಹೇಳಲಾರರು.

ಇದನ್ನೆಲ್ಲ ಹೇಳಲು ನೀನ್ಯಾರು ಎಂದರೆ, ನಾನು ಅಂಗನವಾಡಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಅದಕ್ಕೂ ಮೊದಲು, 1986ರಿಂದ 1999ರವರೆಗೆ, ಬಾವಿ ಕೆಲಸದಲ್ಲಿ ಬುಟ್ಟಿ ಹೊತ್ತವಳು. ನಮ್ಮ ಮನೆಯವರು ಬಾವಿ ಗುತ್ತಿಗೆ ಹಿಡಿಯುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ಬುಟ್ಟಿ ಹೊರುವುದೇ ಎಂದು ನಮ್ಮತ್ತೆ ಮೊದಲು ಮುಖ ಗಂಟು ಹಾಕಿದರು. ಗ್ಯಾಂಗಿನಲ್ಲಿ ಒಬ್ಬರು ಕಡಿಮೆ ಬಿದ್ದಾಗ ಅವರೇ ಸಿಂಬೆ ಸುತ್ತಿ ಕೊಟ್ಟರು. ಆಗ ಲಿಂಬೆ ತೋಟದವರು ಪೈಪೋಟಿಯ ಮೇಲೆ ಬಾವಿ ತೆಗೆಸುತ್ತಿದ್ದರು. ಜೊತೆಗೆ ಸರಕಾರದ ‘ಜೀವನಧಾರಾ’ ಬಾವಿಗಳೂ ಬಂದವು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಎಂದು ಊರೂರು ಗುಡಿಸಲು ಹಾಕಿಕೊಂಡು ತಿರುಗಿದ್ದೇವೆ.

ನಮ್ಮ ಕಡೆ ಬಾವಿ ಎಂದರೆ ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಆಮೇಲೆ ಕಗ್ಗಲ್ಲು. ಗರಸಿನ ತನಕ ಗುದ್ದಲಿ, ಸಲಿಕೆ ಸಾಕು. ಕಗ್ಗಲ್ಲಿಗೆ ತೋಟಾ, ಅಂದರೆ ಸಿಡಿಮದ್ದು, ಬೇಕು. ಸಂಜೆ ಸಿಡಿಸುವುದು, ಬೆಳಿಗ್ಗೆ ಇಳಿದು ಕಲ್ಲು ಹೊರುವುದು. ಹೀಗೆ ಬೆಳಿಗ್ಗೆ ಇಳಿದಾಗ ಕೆಲವು ಸಲ ಕಲ್ಲುಗಳು ತೆಂಗಿನಕಾಯಿ ಒಡೆದ ಹಾಗೆ ಎರಡು ಹೋಳಾಗಿ ಬಿದ್ದಿರುತ್ತಿದ್ದವು, ಒಳಗೆಲ್ಲ ಹರಳು. ಗಂಡಸರು ಅದರ ಕಡೆ ನೋಡುತ್ತಿರಲಿಲ್ಲ. ಹೆಸರಿಟ್ಟವರು ನಾವು ಹೆಣ್ಣುಮಕ್ಕಳೇ. ಬೆಳ್ಳಗೆ ಎಳೆ ಎಳೆಯಾಗಿ ಎದ್ದು ನಿಂತದ್ದಕ್ಕೆ ಶಾವಿಗಿ ಕಲ್ಲು. ನಸುಗೆಂಪು ಬಣ್ಣದ, ನಡು ಸಣ್ಣಗಾಗಿ ಎರಡೂ ತುದಿಗೆ ಅರಳಿಕೊಂಡದ್ದಕ್ಕೆ ಸಿವುಡಿನ ಕಲ್ಲು, ಸಿವುಡು ಎಂದರೆ ಕೊಯ್ದ ಪೈರಿನ ಕಟ್ಟು. ಒಳಗೆ ನೇರಳೆ ಬಣ್ಣ ಇದ್ದದ್ದು ಬದನಿ ಹೂವಿನ ಕಲ್ಲು. ಎಷ್ಟೋ ವರ್ಷ ಬಿಟ್ಟು ಮಗಳು ಇವುಗಳ ಪುಸ್ತಕದ ಹೆಸರು ಹೇಳಿದಳು: ಸ್ಕೊಲೆಸೈಟ್, ಸ್ಟಿಲ್ಬೈಟ್, ಅಮೆಥಿಸ್ಟ್. ಸ್ಟಿಲ್ಬೈಟನ್ನು ಅವಳ ಪುಸ್ತಕದಲ್ಲೂ ಕಟ್ಟಿದ ಸಿವುಡಿಗೇ ಹೋಲಿಸಿದ್ದರು. ಅದನ್ನು ಕೇಳಿ ನನಗೆ ಆದ ಹೆಮ್ಮೆ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಿರಲಿಲ್ಲ.

ಮೊದಲ ಕಲ್ಲು ಮನೆಗೆ ತಂದದ್ದು ಬುತ್ತಿ ಚೀಲದಲ್ಲಿ. ಶೇಂಗಾ ಚಟ್ನಿ ಕಟ್ಟಿದ್ದ ಪೇಪರಿನಲ್ಲೇ ಸುತ್ತಿದ್ದೆ. ‘ಹಗಲೆಲ್ಲ ಕಲ್ಲ ಹೊತ್ತಿದ್ದು ಸಾಲಲಿಲ್ಲೇನ, ಮನಿಗೂ ತರ್ತಿ?’ ಎಂದು ಮನೆಯವರು ನಕ್ಕರು. ನಕ್ಕರೇ ಹೊರತು ಎಸೆಯಲಿಲ್ಲ. ಮದುವೆಯಲ್ಲಿ ತವರಿನವರು ಕೊಟ್ಟ ಟ್ರಂಕಿನಲ್ಲಿ ಸೀರೆ ಕಡಿಮೆಯಾಗುತ್ತ, ಕಲ್ಲು ಹೆಚ್ಚಾಗುತ್ತ ಹೋದವು. ಪ್ರತಿಯೊಂದನ್ನೂ ಆ ವಾರ ಕೈಗೆ ಸಿಕ್ಕ ಪೇಪರಿನಲ್ಲಿ ಸುತ್ತಿಡುತ್ತಿದ್ದೆ. ಒಂದಕ್ಕೊಂದು ತಾಗಿ ಮುರಿಯಬಾರದು ಎಂಬುದಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಮಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಲು ಹೋದಳು. ಮೊದಲ ವರ್ಷದ ದೀಪಾವಳಿ ರಜೆಗೆ ಬಂದವಳು ಟ್ರಂಕು ತೆಗೆದಳು. ಒಂದು ಕಲ್ಲು ಬಿಚ್ಚಿ, ಕಲ್ಲನ್ನು ಪಕ್ಕಕ್ಕಿಟ್ಟು, ಪೇಪರನ್ನು ಓದತೊಡಗಿದಳು. ‘ಏನ ಓದ್ತಿ ಬಾಳ, ಹಳೇ ಸುದ್ದಿ?’ ಅಂದೆ. ‘ತಾರೀಖು ನೋಡಾಕತ್ತೀನಿ ಯವ್ವಾ. ಆ ವಾರ ನೀವು ಯಾವ ಊರಾಗಿದ್ರಿ?’ ಎಂದಳು. ಇವರು ಒಳಗಿನಿಂದ ಹಜೇರಿ ವಹಿ ತಂದರು.

ಆ ವಹಿಯ ಬಗ್ಗೆ ಸ್ವಲ್ಪ ಹೇಳಬೇಕು. ಬಾವಿ ಕೆಲಸಕ್ಕೆ ಕೂಲಿ ಫೂಟಿನ ಲೆಕ್ಕ. ಸಂತೆಯ ದಿನ ಪಗಾರ. ಹೀಗಾಗಿ ಇವರು ವಾರ ವಾರ ಅಳೆದು, ಕೆಂಪು ಬಟ್ಟೆಯ ಉದ್ದನೆಯ ವಹಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು: ಇಂಥ ಊರು, ಇಂಥವರ ತೋಟ, 27ರಿಂದ 31 ಫೂಟು, ಕಗ್ಗಲ್ಲು, ಇಷ್ಟು ಆಳು. ತಕರಾರು ಬಂದರೆ ಇರಲಿ ಎಂದು ‘ಕೆಂಪು ಪದರು ಬಂತು’, ‘ನೀರು ಕಂಡಿತು’ ಎಂಬುದನ್ನೂ ಬರೆದಿದ್ದರು. ಹದಿಮೂರು ವರ್ಷಕ್ಕೆ ನಾಲ್ಕು ವಹಿ. ಅಂದು ರಾತ್ರಿ ಮೂವರೂ ಕೂತೆವು. ಮಗಳು ಪೇಪರಿನ ತಾರೀಖು ಕೂಗುವುದು, ಇವರು ವಹಿಯಲ್ಲಿ ಹುಡುಕುವುದು, ನಾನು ಚೀಟಿ ಬರೆಯುವುದು. ಅರವತ್ತೊಂದು ಕಲ್ಲುಗಳಲ್ಲಿ ನಲವತ್ತಮೂರಕ್ಕೆ ಊರು, ಬಾವಿ, ಫೂಟು ಸಿಕ್ಕವು. ಮಗಳು ಅವುಗಳ ಬೆನ್ನಿಗೆ ಬಿಳಿ ಬಣ್ಣದ ಒಂದು ಬೊಟ್ಟು ಇಟ್ಟು, ಒಣಗಿದ ಮೇಲೆ ಅಂಕಿ ಬರೆದಳು.

ಬೆಳಗಿನ ಜಾವ ಅವಳು ಚೀಟಿಗಳನ್ನು ಆಳದ ಪ್ರಕಾರ ನೆಲದ ಮೇಲೆ ಜೋಡಿಸಿದಾಗ ಒಂದು ಸಂಗತಿ ಕಂಡಿತು. ಹೆಚ್ಚಿನ ಹರಳುಗಳು ಬಂದದ್ದು ‘ಕೆಂಪು ಪದರು ಬಂತು’ ಎಂದು ಬರೆದ ವಾರದಲ್ಲಿ, ಇಲ್ಲವೇ ಅದರ ಮುಂದಿನ ವಾರದಲ್ಲಿ. ಇವರು ಎದ್ದು ಕೂತು, ‘ನೀರೂ ಅಲ್ಲೇ ಬರ್ತೈತಿ’ ಅಂದರು. ಹದಿಮೂರು ವರ್ಷ ಬಾವಿಯೊಳಗೆ ಇದ್ದವರಿಗೆ ನೀರಿನ ಜಾಗ ಗೊತ್ತಿತ್ತು, ಹರಳಿನ ಜಾಗವೂ ಅದೇ ಎಂಬುದು ಹೊಳೆದಿರಲಿಲ್ಲ. ನನಗೂ.

ಕಾರಣವನ್ನು ಮಗಳು ಗಾಣದ ಮನೆಯ ಮೇಲಿಟ್ಟು ಹೇಳಿದಳು. ಬೆಲ್ಲದ ಪಾಕ ಸುರಿದಾಗ ಗುಳ್ಳೆಗಳು ಮೇಲಕ್ಕೆ ಏಳುತ್ತವೆ. ಮೇಲ್ಮೈ ಆರಿ ಗಟ್ಟಿಯಾದಾಗ ಕೆಲವು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದಿಂದ ಉಕ್ಕಿ ಹರಿದ ಲಾವಾ ಕೂಡ ಹಾಗೇ ಆರಿತು, ಗಾಳಿಗುಳ್ಳೆ ಅದರ ಮೇಲ್ಭಾಗದಲ್ಲಿ ಉಳಿದವು. ಅದರ ಮೇಲೆ ಇನ್ನೊಂದು ಪ್ರವಾಹ ಬರುವ ತನಕ ಕಾಲ ಹೋಯಿತು. ಆ ನಡುವೆ ಮಳೆ ಬಿಸಿಲಿಗೆ ಸವೆದು ಮಣ್ಣಾದದ್ದೇ ನಮ್ಮ ಕೆಂಪು ಪದರು. ಅಂದರೆ ಕೆಂಪು ಪದರಿನ ಕೆಳಗೆ ಹಳೆಯ ಲಾವಾದ ತಲೆ, ಅಲ್ಲೇ ಗುಳ್ಳೆಗಳ ಸಂತೆ. ಬಿರುಕುಗಳಲ್ಲಿ ಓಡಾಡಿದ ಬಿಸಿನೀರು ಕಲ್ಲಿನಿಂದ ಕರಗಿಸಿ ತಂದದ್ದನ್ನು ಆ ಗುಳ್ಳೆಯೊಳಗೆ ಬಿಟ್ಟು ಹೋಯಿತು. ಸ್ನಾನದ ಹಂಡೆಯೊಳಗೆ ಬಿಳಿ ಪದರು ಕಟ್ಟುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಗುಳ್ಳೆ ಪೂರ್ತಿ ತುಂಬಿದರೆ ಗಟ್ಟಿ ಉಂಡೆ. ನಡುವೆ ಜಾಗ ಉಳಿದರೆ ಹರಳಿಗೆ ಬೆಳೆಯಲು ಕೋಣೆ.

ವಜ್ರದ ಹುಟ್ಟೇ ಬೇರೆ. ಅದು ನೆಲದ ನೂರೈವತ್ತು ಕಿಲೋಮೀಟರಿಗಿಂತ ಆಳದ ಒತ್ತಡದಲ್ಲಿ ಆಗುವಂಥದ್ದು, ಕಿಂಬರ್‌ಲೈಟ್ ಎಂಬ ಬೇರೆ ಜಾತಿಯ ಕಲ್ಲಿನ ಜೊತೆ ಮೇಲೆ ಬರುತ್ತದೆ. ಆಂಧ್ರದ ವಜ್ರಕರೂರಿನಲ್ಲಿ ಆ ಕಲ್ಲಿದೆ. ಮುಂಗಾರಿನ ಮೊದಲ ಮಳೆಗೆ ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ ಕಡೆಯ ಹೊಲಗಳಲ್ಲಿ ಜನ ಬಗ್ಗಿಕೊಂಡು ವಜ್ರ ಹುಡುಕುವುದನ್ನು ಟೀವಿಯಲ್ಲಿ ನಮ್ಮವರು ನೋಡಿದ್ದಾರೆ. ನೋಡಿದ್ದೇ ತಪ್ಪಾಯಿತು. ಈಗ ಇಂಡಿಯ ಕಗ್ಗಲ್ಲಿನಲ್ಲೂ ಅದನ್ನೇ ಹುಡುಕುತ್ತಾರೆ, ಹುಡುಕುವಾಗ ಇದ್ದದ್ದನ್ನು ಪುಡಿ ಮಾಡುತ್ತಾರೆ.

ಮನೆಯಲ್ಲೇ ನೋಡಬಹುದಾದ ಪರೀಕ್ಷೆ ಬೇಕೆಂದರೆ ನಾನು ಹೇಳುತ್ತೇನೆ. ಓರೆಯಾಗಿ ತಳ್ಳಿದ ಪೆಟ್ಟಿಗೆಯ ಆಕಾರದ, ಗಾಜಿನಂಥ ಹರಳು ಸಿಕ್ಕರೆ ಅದನ್ನು ಪೇಪರಿನ ಮೇಲಿಡಿ. ನಾನು ಅಂಗನವಾಡಿಯಲ್ಲಿ ಅಕ್ಷರದ ತಕ್ತೆಯ ಮೇಲೆ ಇಡುತ್ತಿದ್ದೆ. ಕೆಳಗಿನ ಒಂದು ‘ಅ’ ಮೇಲಿನಿಂದ ಎರಡಾಗಿ ಕಾಣುತ್ತದೆ. ಹರಳನ್ನು ಅಲ್ಲೇ ಮೆಲ್ಲಗೆ ತಿರುಗಿಸಿದರೆ ಒಂದು ‘ಅ’ ಸುಮ್ಮನೆ ನಿಂತಿರುತ್ತದೆ, ಇನ್ನೊಂದು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಮಕ್ಕಳು ಉಪ್ಪಿಟ್ಟು ಬಿಟ್ಟು ಓಡಿ ಬರುತ್ತಿದ್ದವು. ಇದು ಕ್ಯಾಲ್ಸೈಟ್, ಸುಣ್ಣದ ಕುಲದ್ದು. ಖಾತ್ರಿಯಾಗಬೇಕೆಂದರೆ ಒಡೆದ ಮೂಲೆಯಿಂದ ಒಂದಿಷ್ಟು ಪುಡಿ ಕೆರೆದು ಅದರ ಮೇಲೆ ಲಿಂಬೆಹಣ್ಣು ಹಿಂಡಿ. ಸಣ್ಣಗೆ ನೊರೆ ಏಳುತ್ತದೆ. ಬೆಣಚಾದರೆ ಏನೂ ಆಗುವುದಿಲ್ಲ. ಇಂಡಿಯ ಲಿಂಬೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದಿದೆಯಲ್ಲ, ಇದಕ್ಕೂ ಬಳಸಿರಿ.

ನಾನೂ ಎಡವಿದವಳೇ. ಒಂದು ಸಲ ಹರಳು ಫಳಫಳ ಹೊಳೆಯಲಿ ಎಂದು ಸಂಡಾಸು ತೊಳೆಯುವ ಆ್ಯಸಿಡ್ಡಿನಲ್ಲಿ ಅದ್ದಿದೆ. ಸಿವುಡಿನ ಕಲ್ಲಿನ ನಡುವೆ ಇದ್ದ ಕ್ಯಾಲ್ಸೈಟು ಕಣ್ಣೆದುರೇ ಬುಸುಗುಟ್ಟಿ ಹೋಯಿತು, ಉಳಿದದ್ದು ಹೊಳಪು ಕಳಕೊಂಡು ಸುಣ್ಣ ಬಳಿದ ಹಾಗಾಯಿತು. ಬದನಿ ಹೂವಿನ ಒಂದು ಒಳ್ಳೆಯ ಕಲ್ಲನ್ನು ದೇವರ ಜಗುಲಿ ಪಕ್ಕದ ಕಿಟಕಿಯಲ್ಲಿಟ್ಟಿದ್ದೆ. ವರ್ಷಗಟ್ಟಲೆ ಬಿಸಿಲು ಬಿದ್ದು ಅದರ ನೇರಳೆ ಬಣ್ಣ ತೊಳೆದು ಹಾಕಿದಂತೆ ಪೇಲವವಾಗಿದೆ. ಅಮೆಥಿಸ್ಟಿಗೆ ಬಿಸಿಲು ಆಗದಂತೆ. ಮೊದಲೇ ಯಾರು ಹೇಳಬೇಕಿತ್ತು? ಈಗ ನಾನು ಹೇಳುತ್ತಿದ್ದೇನೆ. ಬರೇ ನೀರು, ಮೆತ್ತನೆಯ ಬ್ರಷ್ಷು ಸಾಕು. ಶಾವಿಗಿ ಕಲ್ಲಿಗೆ ಅದೂ ಬೇಡ, ಬೆರಳು ತಾಗಿದರೂ ಎಳೆ ಮುರಿಯುತ್ತದೆ.

ಆದರೆ ಇವಕ್ಕಿಂತ ದೊಡ್ಡ ತಪ್ಪು ಇನ್ನೊಂದು. ನನ್ನ ಹತ್ತಿರ ಇರುವುದರಲ್ಲೇ ಅಪರೂಪದ್ದು ಅಂಗೈ ಅಗಲದ ಒಂದು ತುಂಡು. ಕೆಳಗೆ ನೀಲಿ ಬೂದು ಬಣ್ಣದ ನುಣುಪು ಹಾಸು, ಅದರ ಮೇಲೆ ನಸುಗೆಂಪು ಸಿವುಡುಗಳು, ಆ ಸಿವುಡುಗಳ ಮೇಲೆ ತಿಳಿಹಸಿರು ಛಾಯೆಯ ಚೌಕ ಹರಳುಗಳು. ಮೂರು ಸಲ ಮೂರು ಬಗೆಯ ನೀರು ಬಂದು ಹೋದ ಲೆಕ್ಕ ಅದರಲ್ಲಿದೆ. ಮಗಳ ಪ್ರಾಧ್ಯಾಪಕರು ಅದನ್ನು ಭೂತಗಾಜಿನ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: ‘ಯಾವ ಬಾವಿ ಅಮ್ಮಾ?’ ನನಗೆ ಗೊತ್ತಿಲ್ಲ. ಒಂದು ವರ್ಷ ಹಬ್ಬಕ್ಕೆ ಮನೆ ಹಸನ ಮಾಡುವಾಗ, ಚೆಂದದ ಕಲ್ಲಿಗೆ ಈ ಹರಿದ ಪೇಪರು ಯಾಕೆ ಎಂದು ಅದನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಪೇಪರನ್ನು ಒಲೆಗೆ ಹಾಕಿದವಳು ನಾನೇ. ಪ್ರಾಧ್ಯಾಪಕರು ಏನೂ ಅನ್ನಲಿಲ್ಲ, ಕಲ್ಲನ್ನು ತಿರುಗಿ ನನ್ನ ಕೈಗೆ ಕೊಟ್ಟರು. ನಲವತ್ತಮೂರು ಕಲ್ಲುಗಳ ಚೀಟಿಯನ್ನು ಮಾತ್ರ ಕುಳಿತು ನಕಲು ಮಾಡಿಕೊಂಡರು. ಅವುಗಳಲ್ಲಿ ಎಷ್ಟೋ ಕಲ್ಲು ಮುರುಕು, ಎಷ್ಟೋ ಸಾಧಾರಣ.

ಊರಿನ ಹೆಸರಿನ ಬೆಲೆ ಅಂದಿಗಿಂತ ಮೊದಲೇ ಒಬ್ಬ ವ್ಯಾಪಾರಿಗೆ ಗೊತ್ತಿತ್ತು. ತೊಂಬತ್ತರ ದಶಕದಲ್ಲಿ ಭೀಮೆಯ ಆಚೆ ದಂಡೆಯಿಂದ ಜೀಪಿನಲ್ಲಿ ಬಂದಿದ್ದ. ಎರಡು ಹೋಳಾದ ಒಂದು ದೊಡ್ಡ ಉಂಡೆಗೆ ಐನೂರು ರೂಪಾಯಿ, ಮೇಲೆ ಒಂದು ಸ್ಟೀಲಿನ ಕೊಡ. ನಮಗೆ ಅದೇ ಹಬ್ಬ. ಅವನು ಚೌಕಾಸಿ ಮಾಡಲಿಲ್ಲ. ಯಾವ ಊರು, ಎಷ್ಟು ಆಳ, ಕೆಳಗೆ ಇನ್ನೂ ಇದೆಯೇ ಎಂದು ಕೇಳಿ ತನ್ನ ಸಣ್ಣ ಡೈರಿಯಲ್ಲಿ ಬರೆದುಕೊಂಡ. ಸಿಕ್ಕ ಜಾಗ ಮುಚ್ಚಿಟ್ಟು, ಹೆಸರಾದ ಊರಿನ ಹೆಸರು ಹಚ್ಚಿ ಮಾರುವುದು ಈ ದಂಧೆಯಲ್ಲಿ ಇದ್ದದ್ದೇ ಎಂದು ಮಗಳು ಹೇಳುತ್ತಾಳೆ. ನಮ್ಮ ಆ ಉಂಡೆ ಈಗ ಯಾವ ದೇಶದ ಯಾರ ಕಪಾಟಿನಲ್ಲಿ ಯಾವ ಊರಿನದೆಂದು ಕೂತಿದೆಯೋ. ಕೊಡ ಮಾತ್ರ ನಮ್ಮ ಮನೆಯಲ್ಲಿದೆ, ಸೋರುತ್ತದೆ.

ಶಿರಡಿಗೆ ಹೋದಾಗ ಮಗಳು ಹಟ ಹಿಡಿದು ಸಿನ್ನರದ ಗಾರಗೋಟಿ ಸಂಗ್ರಹಾಲಯಕ್ಕೆ ಕರೆದೊಯ್ದಳು. ಗಾರಗೋಟಿ ಎಂದರೆ ಮರಾಠಿಯಲ್ಲಿ ಬೆಣಚಿನ ಹರಳು. ಒಳಗೆ ಕಾಲಿಟ್ಟವಳು ನಿಂತೇ ಬಿಟ್ಟೆ. ನಮ್ಮ ಶಾವಿಗಿ, ನಮ್ಮ ಸಿವುಡು, ಗಾಜಿನೊಳಗೆ ದೀಪದ ಕೆಳಗೆ! ಅಲ್ಲಿ ಮೊದಲ ಸಲ ಕ್ಯಾವನ್ಸೈಟ್ ನೋಡಿದೆ. ನವಿಲಿನ ಕೊರಳಿನ ನೀಲಿ, ಬಿಳಿ ಹರಳಿನ ಮೇಲೆ ಯಾರೋ ಉಣ್ಣೆಯ ಉಂಡೆ ಅಂಟಿಸಿದ ಹಾಗೆ. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕೇಟ್ ಎಂಬ ಮೂರರ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು. ಅಮೆರಿಕದ ಒರೆಗಾನ್‌ನಲ್ಲಿ ಮೊದಲು ಗುರುತಿಸಿದರೂ ಜಗತ್ತಿನ ಒಳ್ಳೆಯ ತುಂಡುಗಳು ಬಂದದ್ದು ಪುಣೆ ಪಕ್ಕದ ವಾಘೋಲಿಯ ಖಡಿಕಲ್ಲಿನ ಗಣಿಗಳಿಂದ. ಖಡಿ ಒಡೆಯುವವರು! ಮುಂಬಯಿ, ಪುಣೆ ನಡುವಿನ ಭೋರ್ ಘಾಟದಲ್ಲಿ ರೈಲು ದಾರಿ ಕೊರೆದಾಗಲೂ ಹೀಗೇ ಹರಳು ಸಿಕ್ಕವು. ಆ ದಾರಿ 1863ರಲ್ಲಿ ತೆರೆಯಿತು. ಹರಳುಗಳು ಇಂಗ್ಲೆಂಡಿನ ಸಂಗ್ರಹಾಲಯ ಸೇರಿದವು. ಅಲ್ಲಿರುವುದೂ ಇಲ್ಲಿರುವುದೂ ಒಂದೇ ಲಾವಾದ ನಾಡಿನ ಕಲ್ಲು. ಅಲ್ಲಿ ಯಾರೋ ಎತ್ತಿಟ್ಟರು, ನಾವು ರಸ್ತೆಗೆ ಸುರಿದೆವು, ವ್ಯತ್ಯಾಸ ಇಷ್ಟೇ.

ಎತ್ತಿಟ್ಟು ಬರೆದಿಡುವವರು ನಮ್ಮ ಸೀಮೆಗೂ ಬಂದಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಈ ಭಾಗ ಸುತ್ತಿ 1876ರಲ್ಲಿ ವರದಿ ಅಚ್ಚು ಹಾಕಿಸಿದರು. ಕಲಾದಗಿ ಎಂಬ ಊರಿನ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಒಂದು ಶಿಲಾವರ್ಗದ ಹೆಸರಾಗಿ ಉಳಿದಿರುವುದು ಅವರಿಂದ. ಯಾವ ಊರಿನ ಪಕ್ಕ ಯಾವ ಕಲ್ಲು ಎಂದು ಬರೆದದ್ದರಿಂದ ಇಂದಿನ ವಿದ್ಯಾರ್ಥಿಗಳು ಅದೇ ಜಾಗಕ್ಕೆ ಹೋಗಿ ನಿಲ್ಲಬಹುದು. ಅವರ ಹೆಸರೇ ಫೂಟ್ ಎಂದು ಮಗಳು ಹೇಳಿದಾಗ ಇವರು ವಹಿ ತಟ್ಟಿ ತಟ್ಟಿ ನಕ್ಕಿದ್ದರು. ನಮ್ಮ ಮನೆಯವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಕಲ್ಲಿನ ಧೂಳು ಎದೆಯಲ್ಲಿ ಕೂತಿತ್ತು. ತೋಟಾ ಇಡಲು ಕಲ್ಲಿಗೆ ಹೋಲು ಹೊಡೆಯುವ ಹುಡುಗರು ಈಗಲೂ ಮೂಗಿಗೆ ಬಟ್ಟೆ ಕಟ್ಟುವುದಿಲ್ಲ, ಅದನ್ನು ಬೇರೆ ಪತ್ರದಲ್ಲಿ ಬರೆಯುತ್ತೇನೆ.

ಹರಳಿನ ಆಸೆಗೆ ಹೊಲ ಅಗೆಯಿರಿ ಎಂದು ನಾನು ಹೇಳುತ್ತಿಲ್ಲ. ನೀರಿಗಾಗಿ ಬಾವಿ ತೋಡುವಾಗ ಸಿಕ್ಕದ್ದು ಬೇರೆ, ಮಾರುವುದಕ್ಕೆಂದೇ ಗುಂಡಿ ತೋಡುವುದು ಬೇರೆ. ಎರಡನೆಯದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು. ಬೇರೆಯವರ ಬಾವಿಗೆ, ಅದರಲ್ಲೂ ತೋಟಾ ಸಿಡಿಸಿದ ಬಾವಿಗೆ ಹೇಳದೆ ಕೇಳದೆ ಇಳಿಯುವುದು ಸಾವಿನ ಜೊತೆ ಆಟ.

ನಾನು ಕೇಳುವುದು ಸಣ್ಣದು. ಗೋಲಗುಮ್ಮಟದ ಮುಂದಿನ ಸಂಗ್ರಹಾಲಯ ಪುರಾತತ್ವದ್ದು, ಶಾಸನ, ವಿಗ್ರಹಗಳ ಮನೆ. ಗುಮ್ಮಟ ಕಟ್ಟಿದ ಕರಿಕಲ್ಲಿನ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ತೋರಿಸಲು ನಮ್ಮ ತಾಲ್ಲೂಕಿನ ಯಾವುದಾದರೂ ಕಾಲೇಜಿನಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ಕೊಟ್ಟರೆ ಸಾಕು. ನನ್ನ ಕಲ್ಲುಗಳನ್ನೂ ನಾಲ್ಕು ವಹಿಗಳನ್ನೂ ಒಟ್ಟಿಗೆ ಕೊಡುತ್ತೇನೆ. ಬೇರೆ ಬೇರೆಯಾಗಿ ಕೊಡುವುದಿಲ್ಲ. ಈ ಮಾತನ್ನು ಒಂದು ಕಚೇರಿಯಲ್ಲಿ ಹೇಳಿದಾಗ, ‘ಕಲ್ಲು ತಗೋತೀವ್ರಿ, ಹಳೇ ಹಜೇರಿ ಪುಸ್ತಕ ಯಾಕ?’ ಎಂದರು. ಎದ್ದು ಬಂದೆ.

ನಿಮ್ಮಿಂದಲೂ ಒಂದು ಆಗಬೇಕು. ಮುಂದಿನ ಸಲ ಇಂಥ ಸುದ್ದಿ ಬಂದರೆ ‘ವಜ್ರ?’ ಎಂದು ಪ್ರಶ್ನೆ ಚಿಹ್ನೆ ಹಾಕಿ ಜನರನ್ನು ಓಡಿಸಬೇಡಿ. ನಿಮ್ಮ ವರದಿಗಾರರು ಎಷ್ಟು ಫೂಟಿಗೆ ಸಿಕ್ಕಿತು, ಕೆಂಪು ಪದರು ಬಂದಿತ್ತೇ ಎಂದು ಕೇಳಿ ಬರೆಯಲಿ. ಬಾವಿ ತೋಡುವವರೂ ಈಗ ಕಡಿಮೆ. ಬೋರಿನ ಗಾಡಿ ಬಂದ ಮೇಲೆ ಎಲ್ಲವೂ ಹಿಟ್ಟಾಗಿ ಮೇಲೆ ಬರುತ್ತದೆ, ಬೂದು ಹಿಟ್ಟು, ಕೆಂಪು ಹಿಟ್ಟು, ಒಮ್ಮೊಮ್ಮೆ ಬಿಳಿ ಹಿಟ್ಟು. ಆ ಬಿಳಿ ಏನಾಗಿತ್ತು ಎಂದು ನನಗೆ ಗೊತ್ತು, ನೋಡಿ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಕಲ್ಲಿನ ಸುದ್ದಿ ಬರೆಯದಿದ್ದರೆ ಪತ್ರ ಅರ್ಧವಾಗುತ್ತದೆ. ಕೋಳಿಮೊಟ್ಟೆಯ ಗಾತ್ರದ ಬೂದು ಬಣ್ಣದ ನುಣುಪು ಉಂಡೆ. ವಹಿಯ ಪ್ರಕಾರ 1993, 34 ಫೂಟು. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗೆ ನೀರು ಗುಳುಗುಳು ಎನ್ನುತ್ತಿತ್ತು. ಕತ್ತಲಲ್ಲಿ ಟಾರ್ಚಿಗೆ ಅಡ್ಡ ಹಿಡಿದರೆ ತೆಳು ಗೋಡೆಯ ಹಿಂದೆ ಒಂದು ಗುಳ್ಳೆ ಅತ್ತಿತ್ತ ಜಾರುತ್ತಿತ್ತು. ಆರು ಕೋಟಿ ವರ್ಷದ ನೀರು ಎಂದು ಅಂಗನವಾಡಿ ಮಕ್ಕಳಿಗೆ ಹೇಳಿದ್ದೇ ಹೇಳಿದ್ದು. ಒಬ್ಬ ಹುಡುಗ ‘ಅಕ್ಕೋರ, ಅದಕ್ಕ ನೀರಡಿಕಿ ಆಗಂಗಿಲ್ಲಲ್ಲ?’ ಎಂದು ಕೇಳಿದ್ದ. ಟ್ರಂಕಿನಲ್ಲಿದ್ದ ಅದನ್ನು ಎಲ್ಲರಿಗೂ ಕಾಣಲಿ ಎಂದು ತಗಡಿನ ಮಾಡಿನ ಕೆಳಗಿನ ಗೂಡಿನಲ್ಲಿಟ್ಟೆ. ಒಂದೆರಡು ಬೇಸಿಗೆ ಕಳೆದ ಮೇಲೆ ಅಲುಗಿಸಿದೆ. ಸದ್ದಿಲ್ಲ. ಎಲ್ಲಿಯೂ ಬಿರುಕಿಲ್ಲ, ನೀರೂ ಇಲ್ಲ. ಈ ಜಾತಿಯ ಕಲ್ಲಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಒಣ ಹವೆಗೆ ನೀರು ಆರಿ ಹೋಗುತ್ತದೆ ಎಂದಳು ಮಗಳು. ‘ಹೋಗಾಕ ದಾರಿ ಇತ್ತಂದ್ರ ಬರಾಕೂ ದಾರಿ ಇತ್ತು ಯವ್ವಾ. ಆರು ಕೋಟಿ ವರ್ಷದ ನೀರ ಅಂತ ಹೆಂಗ ಹೇಳ್ತಿ?’ ಎಂದೂ ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಈಗ ಅದನ್ನು ನೀರು ತುಂಬಿದ ಗಡಿಗೆಯಲ್ಲಿ ಇಟ್ಟಿದ್ದೇನೆ. ವಾರಕ್ಕೊಮ್ಮೆ ತೆಗೆದು ಅಲುಗಿಸಿ ನೋಡುತ್ತೇನೆ.

ಪಕ್ಕದ ತೋಟದ ಬಾವಿ ಮೂವತ್ತೆಂಟು ಫೂಟಿಗೆ ಬಂದಿದೆ. ನಿನ್ನೆ ಸಂಜೆ ಕೆಂಪು ಪದರು ಕಂಡಿತು ಎಂದು ಹಿಟಾಚಿ ಹುಡುಗ ಹೇಳಿ ಕಳಿಸಿದ್ದಾನೆ. ಈ ಪತ್ರ ಅಂಚೆಗೆ ಹಾಕಿ ಅಲ್ಲಿಗೇ ಹೋಗುತ್ತೇನೆ. ಸುತ್ತಿ ತರಲು ಇವತ್ತಿನ ನಿಮ್ಮ ಪತ್ರಿಕೆ ಚೀಲದಲ್ಲಿದೆ.

ಇತಿ ನಿಮ್ಮ ಓದುಗಳು,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ,
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ